ಬೆಳಕಿನ ಜೋಡುಗಾಲುವೆ

ಒಂದೇ ಕೋಣೆಯಲ್ಲಿ ಎರಡು ದೀಪ ಹಚ್ಚಿಟ್ಟರೆ ಒಂದರ ಬೆಳಕು ಇನ್ನೊಂದರ ಬೆಳಕಿಗೆ ಅಡ್ಡ ಬರುವುದಿಲ್ಲ. ಇರುಳಲ್ಲಿ ನಂದಿಬೆಟ್ಟದ ಮೇಲಿಂದ ಒಬ್ಬರು, ಸ್ಕಂದಗಿರಿಯ ಮೇಲಿಂದ ಇನ್ನೊಬ್ಬರು ಟಾರ್ಚು ಬಿಟ್ಟರೆ, ಆ ಎರಡು ಬೆಳಕಿನ ಕೋಲುಗಳು ನಡುದಾರಿಯಲ್ಲಿ ಒಂದನ್ನೊಂದು ಹಾಯ್ದು, ಏನೂ ನಡೆಯಲಿಲ್ಲವೆಂಬಂತೆ ಮುಂದಕ್ಕೆ ಸಾಗುತ್ತವೆ. ನಿಮ್ಮ ಮನೆಯ ರೇಡಿಯೊ ಕೆಲಸ ಮಾಡುವುದೂ ಇದೇ ಗುಣದ ಬಲದಿಂದ. ಅದರ ಸುತ್ತಲಿನ ಗಾಳಿಯಲ್ಲಿ ಹತ್ತಾರು ಕೇಂದ್ರಗಳ ಅಲೆಗಳು ಏಕಕಾಲದಲ್ಲಿ ಹಾಯುತ್ತಿರುತ್ತವೆ. ಅವು ಒಂದರೊಡನೊಂದು ಬೆರೆತು ಕಲಸಿಹೋಗಿದ್ದರೆ, ಬಿರಡೆ ತಿರುಗಿಸಿ ಬೇಕಾದ ಕೇಂದ್ರವನ್ನು ಆರಿಸಿಕೊಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಅಲೆಗಳು ಒಂದರ ಮೇಲೊಂದು ಬಂದಾಗ ಸುಮ್ಮನೆ ಕೂಡಿಕೊಳ್ಳುತ್ತವೆ, ಆಮೇಲೆ ಹಾಗೆಯೇ ಬೇರೆಯಾಗುತ್ತವೆ. ವಿಜ್ಞಾನಿಗಳು ಇದನ್ನು ಅಧ್ಯಾರೋಪಣ ನಿಯಮ ಎನ್ನುತ್ತಾರೆ. ಇಂಥ ನಡವಳಿಕೆಗೆ ರೇಖೀಯ ನಡವಳಿಕೆ ಎಂದು ಹೆಸರು. ಎರಡರಷ್ಟು ಕೊಟ್ಟರೆ ಎರಡರಷ್ಟು ಬರುತ್ತದೆ. ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ.

ಈ ನಿಯಮ ಎಲ್ಲ ಕಾಲಕ್ಕೂ ಎಲ್ಲ ಕಡೆಗೂ ಸಲ್ಲುವುದೇ? ಇಲ್ಲ ಎಂಬುದಕ್ಕೆ ಮೊದಲ ಸಾಕ್ಷಿಗಳಲ್ಲೊಂದು ರೇಡಿಯೊ ಕೇಳುವವರಿಗೇ ದೊರೆಯಿತು. 1933ರಲ್ಲಿ ಹಾಲೆಂಡಿನ ಐಂಡ್‌ಹೋವನ್ ಪಟ್ಟಣದಲ್ಲಿ ಬರ್ನಾರ್ಡ್ ಟೆಲ್ಲೆಗೆನ್ ಎಂಬ ಎಂಜಿನಿಯರು ಸ್ವಿಟ್ಜರ್ಲೆಂಡಿನ ಬೆರೊಮುನ್‌ಸ್ಟರ್ ಕೇಂದ್ರವನ್ನು ಕೇಳುತ್ತಿದ್ದಾಗ, ಅದರ ಹಿನ್ನೆಲೆಯಲ್ಲಿ ಲಕ್ಸೆಂಬರ್ಗ್ ಕೇಂದ್ರದ ಕಾರ್ಯಕ್ರಮವೂ ಕೇಳಿಬಂದಿತು. ಎರಡು ಕೇಂದ್ರಗಳ ಅಲೆಯುದ್ದಗಳೂ ಬೇರೆ ಬೇರೆ. ತಪ್ಪು ರೇಡಿಯೊ ಪೆಟ್ಟಿಗೆಯದಲ್ಲ. ಲಕ್ಸೆಂಬರ್ಗಿನ ಪ್ರಬಲವಾದ ಅಲೆಯು ಮೇಲಿನ ಅಯಾನುಗೋಲದಲ್ಲಿರುವ ಇಲೆಕ್ಟ್ರಾನುಗಳನ್ನು ಬಿಸಿಮಾಡಿ, ಆ ಪದರದ ಗುಣವನ್ನೇ ಕೊಂಚ ಬದಲಾಯಿಸುತ್ತಿತ್ತು. ಅದೇ ದಾರಿಯಲ್ಲಿ ಬಂದ ಸ್ವಿಸ್ ಅಲೆಯ ಮೇಲೆ ಆ ಬದಲಾವಣೆಯ ಗುರುತು ಬೀಳುತ್ತಿತ್ತು. ಮರುವರ್ಷ ಬೇಲಿ ಮತ್ತು ಮಾರ್ಟಿನ್ ಎಂಬವರು ಈ ವಿವರಣೆಯನ್ನು ಕೊಟ್ಟರು. ಅಂದರೆ ಅಲೆಯೊಂದು ಸಾಕಷ್ಟು ಬಲವಾಗಿದ್ದರೆ ತಾನು ಹಾಯುವ ದಾರಿಯನ್ನೇ ಮಾರ್ಪಡಿಸುತ್ತದೆ. ಆಗ ಎರಡರಷ್ಟು ಕೊಟ್ಟರೆ ಎರಡರಷ್ಟೇ ಬರುತ್ತದೆಂಬ ನಂಬಿಕೆ ಇಲ್ಲ. ಇದೇ ಅರೇಖೀಯ ನಡವಳಿಕೆ.

ರೇಡಿಯೊ ಅಲೆಗೆ ಒದಗಿದ್ದು ಬೆಳಕಿಗೂ ಒದಗುತ್ತದೆ. ಬೆಳಕೂ ಅದೇ ಜಾತಿಯ ಅಲೆ ತಾನೆ? ಬೆಳಕನ್ನು ಕಾಲುವೆ ಕಟ್ಟಿ ಹರಿಸಿದಾಗ, ಅಂಥ ಎರಡು ಕಾಲುವೆಗಳನ್ನು ಒಂದರ ಪಕ್ಕಕ್ಕೊಂದು ಇಟ್ಟಾಗ, ಬೆಳಕಿನ ಬಲ ಏರಿದರೆ ಏನಾಗುತ್ತದೆಂಬುದನ್ನು ಈಗ ನೋಡೋಣ.

ಕೆರೆ ಕಾಲುವೆಗಳ ಸೀಮೆಯವರಿಗೆ ಈ ಮಾತನ್ನು ತಿಳಿಸುವುದು ಕಷ್ಟವಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ಉತ್ತರ ಪಿನಾಕಿನಿ ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದರೂ ಮಳೆ ಬಂದಾಗಲೇ ಅದರ ಓಟ. ಆದುದರಿಂದ ಹಿರಿಯರು ಕೆರೆಗಳನ್ನು ಸಾಲಾಗಿ ಕಟ್ಟಿ, ತೂಬು, ಕೋಡಿ, ಕಾಲುವೆಗಳಿಂದ ನೀರನ್ನು ಹಿಡಿದು ನಡೆಸಿದರು. ಏರಿಯ ಎತ್ತರ ನೀರನ್ನು ಕಾಲುವೆಯೊಳಗೆ ಹಿಡಿದಿಡುತ್ತದೆ. ಬೆಳಕನ್ನು ಹಿಡಿದಿಡುವ ಏರಿ ಯಾವುದು?

ಗಾಜಿನಲ್ಲಿ ಬೆಳಕು ಗಾಳಿಯಲ್ಲಿರುವುದಕ್ಕಿಂತ ನಿಧಾನವಾಗಿ ಓಡುತ್ತದೆ. ಎಷ್ಟು ನಿಧಾನ ಎಂಬುದನ್ನು ಹೇಳುವ ಸಂಖ್ಯೆಗೆ ವಕ್ರೀಭವನಾಂಕ ಎಂದು ಹೆಸರು. ನಿಧಾನದ ಪದಾರ್ಥದೊಳಗಿನಿಂದ ವೇಗದ ಪದಾರ್ಥದ ಅಂಚಿಗೆ ಬೆಳಕು ತೀರ ಓರೆಯಾಗಿ ಬಂದರೆ ಹೊರಗೆ ಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಹಿಂತಿರುಗುತ್ತದೆ. ಕೊಳವೆಯಿಂದ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಹರಿಯುವುದನ್ನು 1854ರಲ್ಲಿ ಜಾನ್ ಟಿಂಡಾಲ್ ಲಂಡನ್ನಿನ ಸಭೆಯಲ್ಲಿ ಮಾಡಿ ತೋರಿಸಿದನು. ಅದಕ್ಕೂ ಮೊದಲೇ ಜಿನೀವಾದಲ್ಲಿ ಕೊಲಾಡೊನ್ ಇದನ್ನು ತೋರಿಸಿದ್ದನು. ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು 1954ರಲ್ಲಿ ಹಾಪ್ಕಿನ್ಸರೊಡನೆ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸಿದರು. 1966ರಲ್ಲಿ ಚಾರ್ಲ್ಸ್ ಕಾವೊ, ಗಾಜಿನ ಕಶ್ಮಲವನ್ನು ತೆಗೆದರೆ ಅದರಲ್ಲಿ ದೂರದ ಊರುಗಳಿಗೂ ಮಾತು ಕಳುಹಿಸಬಹುದೆಂದು ಲೆಕ್ಕ ಹಾಕಿ ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಾರ್ಖಾನೆಯವರು ಎಳೆದ ಎಳೆಯಲ್ಲಿ ಒಂದು ಕಿಲೊಮೀಟರು ಕಳೆದ ಮೇಲೆ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳಕು ಉಳಿಯುತ್ತಿತ್ತು. ಇಂದಿನ ಒಳ್ಳೆಯ ಎಳೆಯಲ್ಲಿ ಅದೇ ದೂರಕ್ಕೆ ನೂರರಲ್ಲಿ ತೊಂಬತ್ತೈದು ಪಾಲು ಉಳಿಯುತ್ತದೆ.

ಈ ಎಳೆಯ ಒಟ್ಟು ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರ ನಡುವಿನ ತಿರುಳು, ಅಂದರೆ ಬೆಳಕಿನ ನಿಜವಾದ ಕಾಲುವೆ, ಇನ್ನೂ ಸಣ್ಣದು. ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಡಮೆ. ಶಿಡ್ಲಘಟ್ಟದ ರೀಲರುಗಳ ಮನೆಯಲ್ಲಿ ಗೂಡಿನಿಂದ ಬಿಚ್ಚಿಕೊಳ್ಳುವ ಒಂಟಿ ಎಳೆಯನ್ನು ಕಂಡವರು, ಅಂಥ ಎಳೆಯೊಳಗೊಂದು ಕಾಲುವೆ ತೋಡಿದಂತೆ ಎಂದು ಊಹಿಸಿಕೊಳ್ಳಬಹುದು.

ಆದರೆ ನೀರಿಗೂ ಬೆಳಕಿಗೂ ಒಂದು ವ್ಯತ್ಯಾಸವುಂಟು. ನೀರು ಏರಿಯ ಒಳಗೇ ಇರುತ್ತದೆ. ಬೆಳಕು ಹಾಗಲ್ಲ. ಅಲೆಯ ಬಹುಭಾಗ ತಿರುಳಿನಲ್ಲಿದ್ದರೂ ಅದರ ಅಂಚು ತಿರುಳಿನಾಚೆಗೂ ಸ್ವಲ್ಪ ದೂರ ಚಾಚಿಕೊಂಡಿರುತ್ತದೆ. ಒಂಟಿ ಕಾಲುವೆಯಲ್ಲಿ ಇದರಿಂದ ಏನೂ ನಷ್ಟವಿಲ್ಲ. ಆ ಅಂಚೂ ಜೊತೆಯಲ್ಲೇ ಸಾಗುತ್ತದೆ. ಆದರೆ ಕೂದಲಿಗಿಂತ ಕಡಮೆ ದೂರದಲ್ಲಿ ಅಂಥದೇ ಇನ್ನೊಂದು ಕಾಲುವೆ ಇದ್ದರೆ, ಈ ಅಂಚು ಅದನ್ನು ಮುಟ್ಟುತ್ತದೆ. ಮುಟ್ಟಿದೊಡನೆ ಬೆಳಕು ಆ ಕಾಲುವೆಗೆ ದಾಟಲು ಮೊದಲಾಗುತ್ತದೆ. ಕೆಲವು ಮಿಲಿಮೀಟರು ಇಲ್ಲವೆ ಸೆಂಟಿಮೀಟರು ಹೋಗುವಷ್ಟರಲ್ಲಿ ಬೆಳಕೆಲ್ಲ ಆಚೆಯ ಕಾಲುವೆಗೆ ಹೋಗಿಬಿಡುತ್ತದೆ. ಅಲ್ಲಿಗೇ ನಿಲ್ಲುವುದೂ ಇಲ್ಲ. ಮತ್ತೆ ಅಷ್ಟೇ ದೂರದಲ್ಲಿ ಪೂರ್ತಿಯಾಗಿ ಈಚೆಗೆ ಬರುತ್ತದೆ.

ಇದನ್ನು ನೀವು ಮನೆಯಲ್ಲೇ ಕಣ್ಣಾರೆ ನೋಡಬಹುದು. ಕಿಟಕಿಯ ಎರಡು ಸರಳುಗಳ ನಡುವೆ ಒಂದು ದಾರವನ್ನು ತುಸು ಸಡಿಲವಾಗಿ ಅಡ್ಡ ಕಟ್ಟಿ. ಅದಕ್ಕೆ ಒಂದೇ ಉದ್ದದ ಎರಡು ದಾರಗಳಲ್ಲಿ ಒಂದೇ ತೂಕದ ಎರಡು ಕಲ್ಲುಗಳನ್ನು ಸ್ವಲ್ಪ ದೂರದಲ್ಲಿ ತೂಗುಹಾಕಿ. ಒಂದು ಕಲ್ಲನ್ನು ಮೆಲ್ಲಗೆ, ಅಡ್ಡದಾರಕ್ಕೆ ಎದುರಾಗಿ, ಹಿಂದಕ್ಕೂ ಮುಂದಕ್ಕೂ ತೂಗಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಅದರ ತೂಗಾಟ ಕುಗ್ಗಿ, ಸುಮ್ಮನಿದ್ದ ಎರಡನೆಯ ಕಲ್ಲು ತೂಗತೊಡಗುತ್ತದೆ. ಆಮೇಲೆ ಮೊದಲನೆಯದು ಪೂರ್ತಿ ನಿಂತು ಎರಡನೆಯದೊಂದೇ ತೂಗುತ್ತದೆ. ಮತ್ತೆ ಆಟ ಹಿಂದಕ್ಕೆ ತಿರುಗುತ್ತದೆ. ಈಗ ಒಂದು ಕಲ್ಲಿನ ದಾರವನ್ನು ನಾಲ್ಕು ಬೆರಳು ಗಿಡ್ಡ ಮಾಡಿ ನೋಡಿ. ಕೊಡುಕೊಳ್ಳುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಎರಡರ ತೂಗಾಟದ ಲಯ ಒಂದೇ ಇದ್ದರೆ ಮಾತ್ರ ಪೂರ್ತಿ ವಿನಿಮಯ. ಹಳೆಯ ರೇಡಿಯೊ ಪೆಟ್ಟಿಗೆಯೊಳಗೆ ಒಂದಕ್ಕೊಂದು ತಂತಿ ತಾಗದೆ ಪಕ್ಕಪಕ್ಕದಲ್ಲಿ ಕುಳಿತ ಎರಡು ಸುರುಳಿಗಳಲ್ಲಿಯೂ ಇದೇ ಸಂಗತಿ. ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿದಾಗಲೇ ಅಲೆ ಒಂದರಿಂದ ಇನ್ನೊಂದಕ್ಕೆ ಚೆನ್ನಾಗಿ ದಾಟುತ್ತದೆ.

ಈ ಜೋಡುಗಾಲುವೆ ಬರಿಯ ಪ್ರಯೋಗಶಾಲೆಯ ಆಟಿಕೆಯಲ್ಲ. ಎರಡು ಗಾಜಿನೆಳೆಗಳನ್ನು ಜೊತೆಗೂಡಿಸಿ, ಕಾಯಿಸಿ, ಎಳೆದು ತೆಳ್ಳಗೆ ಮಾಡಿದರೆ ತಿರುಳುಗಳು ಹತ್ತಿರ ಬಂದು ಬೆಳಕನ್ನು ಹಂಚಿಕೊಳ್ಳುತ್ತವೆ. ಎಲ್ಲಿಗೆ ಎಳೆಯುವುದನ್ನು ನಿಲ್ಲಿಸುತ್ತೇವೋ ಅದರ ಮೇಲೆ ಅರ್ಧರ್ಧ ಹಂಚಬೇಕೋ, ಹತ್ತರಲ್ಲಿ ಒಂದು ಪಾಲು ಹಂಚಬೇಕೋ ಎಂಬುದು ನಿರ್ಧಾರವಾಗುತ್ತದೆ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟು, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆ ಎಳೆದಾಗ, ಒಂದೇ ಎಳೆಯ ಬೆಳಕನ್ನು ಹಲವು ಊರುಗಳಿಗೆ ಪಾಲುಮಾಡುವ ಪೆಟ್ಟಿಗೆಗಳನ್ನು ದಾರಿಯಲ್ಲಿ ಇಟ್ಟರು. ಅವಕ್ಕೆ ವಿದ್ಯುತ್ತೂ ಬೇಡ. ತೂಬಿನಿಂದ ಹೊರಟ ನೀರು ಗದ್ದೆಗದ್ದೆಗೆ ಹಂಚಿಹೋಗುವಂತೆ ಬೆಳಕು ಹಂಚಿಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಂದವಾದ ಬೆಳಕಿನ ಮಾತು. ಈಗ ಬೆಳಕನ್ನು ಬಲಪಡಿಸೋಣ.

ಮನೆಯ ಪುಟ್ಟ ರಾತ್ರಿದೀಪಕ್ಕೆ ಬೇಕಾಗುವಷ್ಟು, ಅಂದರೆ ಒಂದೇ ಒಂದು ವಾಟ್ ಬಲದ ಬೆಳಕನ್ನು ಆ ಸಣ್ಣ ತಿರುಳಿಗೆ ತುಂಬಿದರೆ ಏನಾಗುತ್ತದೆ? ಸ್ಥಳ ಅಷ್ಟು ಇಕ್ಕಟ್ಟಾದ್ದರಿಂದ ಅಲ್ಲಿನ ಬೆಳಕಿನ ದಟ್ಟಣೆ ನಡುಹಗಲಿನ ಬಿಸಿಲಿನ ಒಂದು ಕೋಟಿ ಪಟ್ಟನ್ನೂ ಮೀರುತ್ತದೆ. ಅಂಥ ದಟ್ಟಣೆಯಲ್ಲಿ ಗಾಜಿನ ಪರಮಾಣುಗಳಲ್ಲಿರುವ ಇಲೆಕ್ಟ್ರಾನುಗಳು ಬೆಳಕಿನ ಎಳೆತಕ್ಕೆ ಸಮಪ್ರಮಾಣದಲ್ಲಿ ಓಗೊಡುವುದನ್ನು ಬಿಡುತ್ತವೆ. ಗಾಜಿನ ವಕ್ರೀಭವನಾಂಕ ಒಂದಿಷ್ಟು ಏರುತ್ತದೆ. ವಿದ್ಯುತ್ ಕ್ಷೇತ್ರದಿಂದ ಗಾಜಿನ ಗುಣ ಬದಲಾಗುವುದನ್ನು 1875ರಲ್ಲಿ ಸ್ಕಾಟ್ಲೆಂಡಿನ ಜಾನ್ ಕೆರ್ ಎಂಬ ಅಧ್ಯಾಪಕನು ಕಂಡುಹಿಡಿದದ್ದರಿಂದ ಇದಕ್ಕೂ ಕೆರ್ ಪರಿಣಾಮವೆಂದೇ ಹೆಸರು. ಇಲ್ಲಿ ಮಾತ್ರ ಆ ಕ್ಷೇತ್ರ ಬೆಳಕಿನದೇ. ಏರಿಕೆ ಬಹಳ ಅಲ್ಪ. ಒಂದು ವಾಟಿಗೆ ಸುಮಾರು ಮುನ್ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟರಿಂದ ಏನಾದೀತು ಎನ್ನಬೇಡಿ. ಬೆಳಕಿನ ಅಲೆಯುದ್ದ ಒಂದು ಮಿಲಿಮೀಟರಿನ ಆರುನೂರೈವತ್ತರಲ್ಲಿ ಒಂದು ಪಾಲು ಮಾತ್ರ. ಇಪ್ಪತ್ತು ಕಿಲೊಮೀಟರು ಸಾಗುವ ಹೊತ್ತಿಗೆ ಆ ಅಲ್ಪ ಏರಿಕೆಯೇ ಕೂಡಿ ಕೂಡಿ, ಅಲೆಯನ್ನು ಎರಡು ಮೂರು ಅಲೆಯುದ್ದಗಳಷ್ಟು ಹಿಂದೆ ಹಾಕುತ್ತದೆ.

ಇನ್ನು ಜೋಡುಗಾಲುವೆಗೆ ಬನ್ನಿ. ಬೆಳಕನ್ನು ಎಡಗಾಲುವೆಗೆ ಮಾತ್ರ ಬಿಟ್ಟಿದ್ದೇವೆ. ಬೆಳಕು ಬಲವಾಗಿದ್ದರೆ ಎಡಗಾಲುವೆಯ ವಕ್ರೀಭವನಾಂಕ ಏರಿತು. ಖಾಲಿಯಿರುವ ಬಲಗಾಲುವೆಯದು ಇದ್ದಂತೆಯೇ ಇದೆ. ಒಂದೇ ಅಚ್ಚಿನವಾಗಿದ್ದ ಎರಡು ಕಾಲುವೆಗಳು ಈಗ ಒಂದೇ ಅಚ್ಚಿನವಲ್ಲ, ಶ್ರುತಿ ತಪ್ಪಿತು. ಶ್ರುತಿ ತಪ್ಪಿದರೆ ವಿನಿಮಯ ನಿಲ್ಲುತ್ತದೆಂದು ಆಗಲೇ ನೋಡಿದೆವಲ್ಲ! ಬೆಳಕು ತನ್ನ ಬಲದಿಂದಲೇ ತನ್ನ ಬಾಗಿಲನ್ನು ಮುಚ್ಚಿಕೊಂಡು ಎಡಗಾಲುವೆಯಲ್ಲೇ ಉಳಿಯುತ್ತದೆ. ಮಂದ ಬೆಳಕು ಆಚೆಗೆ ದಾಟುತ್ತದೆ. ಪ್ರಬಲ ಬೆಳಕು ಈಚೆಯಲ್ಲೇ ನಿಲ್ಲುತ್ತದೆ. ಇವೆರಡರ ನಡುವೆ ಗೊತ್ತಾದ ಒಂದು ಮಿತಿಯುಂಟು. 1982ರಲ್ಲಿ ಅಮೆರಿಕದ ಜೆನ್ಸನ್, ಅದೇ ಸುಮಾರಿಗೆ ಸೋವಿಯತ್ ಒಕ್ಕೂಟದ ಮಾಯೆರ್, ಇದನ್ನು ಗಣಿತದಿಂದ ತೋರಿಸಿಕೊಟ್ಟರು. ಆ ದಶಕ ಮುಗಿಯುವುದರೊಳಗೆ ಎರಡು ತಿರುಳಿನ ಗಾಜಿನೆಳೆಯಲ್ಲಿ ಅದು ಪ್ರಯೋಗದಲ್ಲಿಯೂ ಕಂಡಿತು.

ನಿಮ್ಮ ತೂಗುಗಲ್ಲುಗಳೂ ಇದನ್ನು ಹೇಳಬಲ್ಲವು. ಲೋಲಕದ ತೂಗಾಟದ ಅವಧಿ ತೂಗಾಟದ ಅಗಲವನ್ನು ಅವಲಂಬಿಸುವುದಿಲ್ಲವೆಂದು ಶಾಲೆಯಲ್ಲಿ ಕಲಿಯುತ್ತೇವೆ. ಅದು ಸಣ್ಣ ತೂಗಾಟಕ್ಕೆ ಮಾತ್ರ ನಿಜ. ಅರವತ್ತು ಡಿಗ್ರಿಯವರೆಗೆ ಎಳೆದು ಬಿಟ್ಟರೆ ಅವಧಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಎರಡು ಲೋಲಕಗಳ ನಡುವಣ ಜೋಡಣೆ ಬಹಳ ಸಡಿಲವಾಗಿದ್ದರೆ, ಜೋರಾಗಿ ತೂಗಿಬಿಟ್ಟ ಲೋಲಕವು ತನ್ನ ಲಯವನ್ನು ತಾನೇ ಕೆಡಿಸಿಕೊಂಡು, ನೆರೆಯದಕ್ಕೆ ತನ್ನ ಶಕ್ತಿಯನ್ನು ಪೂರ್ತಿ ಕೊಡಲಾರದೆ ಹೋಗುತ್ತದೆ.

ಅಳತೆಗೆ ತಕ್ಕಂತೆ ತಾನಾಗಿ ದಾರಿ ಬದಲಿಸುವ ಏರ್ಪಾಡು ಚಿಕ್ಕಬಳ್ಳಾಪುರದವರಿಗೆ ಹೊಸದಾಗಿ ಕಾಣಬಾರದು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಹಾಕಿಸಿದ ಬಾಗಿಲುಗಳು ನೀರು ಒಂದು ಮಟ್ಟ ಮುಟ್ಟುವವರೆಗೆ ಮುಚ್ಚಿಕೊಂಡಿದ್ದು, ಅದನ್ನು ಮೀರಿದಾಗ ಕಾವಲುಗಾರನ ಕೈಯಿಲ್ಲದೆ ತಾವೇ ತೆರೆದುಕೊಳ್ಳುತ್ತಿದ್ದವು. ಅಲ್ಲಿ ನೀರೇ ನೀರಿನ ಬಾಗಿಲನ್ನು ಆಳಿತು. ಇಲ್ಲಿ ಬೆಳಕೇ ಬೆಳಕಿನ ಬಾಗಿಲನ್ನು ಆಳುತ್ತದೆ. ಈ ಬಾಗಿಲಿನ ವೇಗ ಮಾತ್ರ ಬೇರೆ: ಸೆಕೆಂಡನ್ನು ಲಕ್ಷಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತ ಕಡಮೆ ಹೊತ್ತು.

ಹಾಗಾದರೆ ವಿದ್ಯುತ್ತಿನ ಗಣಕಯಂತ್ರಗಳನ್ನು ತೆಗೆದುಹಾಕಿ ಬೆಳಕಿನ ಗಣಕಯಂತ್ರಗಳು ಏಕೆ ಬರಲಿಲ್ಲ? ಗಾಜಿನ ಕೆರ್ ಪರಿಣಾಮ ಅಷ್ಟು ಕ್ಷೀಣವೆಂಬುದೇ ಕಾರಣ. ಗಿಡ್ಡ ಜೋಡುಗಾಲುವೆಯಲ್ಲಿ ಮಿತಿ ದಾಟಲು ಬಹಳ ಬಲವಾದ ಮಿಡಿತ ಬೇಕು. ಲಕ್ಷಾಂತರ ಬಾಗಿಲುಗಳನ್ನು ಹಾಗೆ ನಡೆಸುವುದು ದುಬಾರಿ. ಆದರೂ ತತ್ತ್ವ ವ್ಯರ್ಥವಾಗಲಿಲ್ಲ. ಅತಿ ಕಿರಿದಾದ ಮಿಡಿತಗಳನ್ನು ಹುಟ್ಟಿಸುವ ಕೆಲವು ಲೇಸರುಗಳಲ್ಲಿ ಗಾಜಿನೆಳೆಯ ಕುಣಿಕೆಯೊಂದನ್ನು ಇಂಥ ಜೋಡಣೆಯಿಂದ ಬೆಸೆದಿರುತ್ತಾರೆ. ಮಿಡಿತದ ಬಲವಾದ ನಡುಭಾಗ ಮುಂದಕ್ಕೆ ಹೋಗುತ್ತದೆ. ಮಂದವಾದ ಅಂಚು ತೇಲಿಸಿದ ಹೊಟ್ಟಿನಂತೆ ಬೇರೆಯಾಗುತ್ತದೆ. ಹೀಗೆ ಮಿಡಿತ ಇನ್ನಷ್ಟು ಕಿರಿದಾಗುತ್ತದೆ.

ಎರಡು ಕಾಲುವೆಗಳ ಬದಲು ನಲವತ್ತು ಐವತ್ತು ಕಾಲುವೆಗಳನ್ನು ಸಾಲಾಗಿ ಇಟ್ಟರೆ ನೋಟ ಇನ್ನೂ ಸೊಗಸು. ನಡುವಣ ಕಾಲುವೆಗೆ ಮಂದ ಬೆಳಕನ್ನು ಬಿಟ್ಟರೆ ಅದು ಎರಡೂ ಪಕ್ಕಗಳಿಗೆ ಹರಡುತ್ತಾ ಕೊನೆಗೆ ಅಂಚುಗಳ ಕಡೆಗೆ ಹೆಚ್ಚಾಗಿ ಸೇರುತ್ತದೆ. ಬೆಳಕಿನ ಬಲವನ್ನು ಏರಿಸುತ್ತಾ ಹೋದರೆ ಹರವು ಕುಗ್ಗಿ ಕುಗ್ಗಿ, ಕಡೆಗೆ ಬಿಟ್ಟ ಕಾಲುವೆಯಲ್ಲೇ ಗುಂಪಾಗಿ ನಿಲ್ಲುತ್ತದೆ. ಕ್ರಿಸ್ಟೊಡೌಲಿಡೆಸ್ ಮತ್ತು ಜೋಸೆಫ್ 1988ರಲ್ಲಿ ಇದನ್ನು ಮುಂಗಂಡರು. ಹತ್ತು ವರ್ಷಗಳ ಮೇಲೆ, 1998ರಲ್ಲಿ, ಐಸೆನ್‌ಬರ್ಗ್ ಮತ್ತು ಸಂಗಡಿಗರು ಪ್ರಯೋಗದಲ್ಲಿ ಕಂಡರು. ಹರಡಿಹೋಗದೆ ಒಗ್ಗಟ್ಟಾಗಿ ಸಾಗುವ ಇಂಥ ಅಲೆಗೆ ಸಾಲಿಟಾನ್ ಎಂದು ಹೆಸರು. ಇದರ ಹಿರಿಯಣ್ಣನನ್ನು 1834ರಲ್ಲಿ ಜಾನ್ ಸ್ಕಾಟ್ ರಸೆಲ್ ಎಡಿನ್‌ಬರೋ ಬಳಿಯ ಕಾಲುವೆಯ ನೀರಿನಲ್ಲೇ ಕಂಡು, ಕುದುರೆಯ ಮೇಲೆ ಅದನ್ನು ಹಿಂಬಾಲಿಸಿದ್ದನು.

ನಮ್ಮ ನಾಡಿನ ಹೆಸರು ಈ ಕಥೆಯಲ್ಲಿ ಇನ್ನೊಂದು ಕಡೆಯಿಂದ ಬರುತ್ತದೆ. ಪದಾರ್ಥದಲ್ಲಿ ಚದರಿದ ಬೆಳಕಿನ ಒಂದು ಸಣ್ಣ ಪಾಲು ಬಣ್ಣ ಬದಲಿಸುತ್ತದೆಂದು ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತದಲ್ಲಿ ತೋರಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಕೊನೆಯವರೆಗೂ ಇಲ್ಲಿಯೇ ನೆಲಸಿದರು. 1962ರಲ್ಲಿ, ರಾಮನ್ನರು ಇನ್ನೂ ಬದುಕಿದ್ದಾಗಲೇ, ಲೇಸರಿನ ಪ್ರಬಲ ಬೆಳಕಿನಲ್ಲಿ ಈ ಬಣ್ಣ ಬದಲಾಗುವ ಕ್ರಿಯೆ ತನ್ನನ್ನು ತಾನೇ ಬೆಳೆಸಿಕೊಳ್ಳುವುದು ಅಮೆರಿಕದಲ್ಲಿ ಕಂಡುಬಂದಿತು. ಬದಲಾದ ಬಣ್ಣದ ಬೆಳಕು ಹೆಚ್ಚಿದಷ್ಟೂ ಇನ್ನಷ್ಟು ಬೆಳಕನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಇಂದು ದೂರದೂರದ ಗಾಜಿನೆಳೆಗಳಲ್ಲಿ ಬಳಲಿದ ಸಂದೇಶಕ್ಕೆ, ಜೊತೆಯಲ್ಲಿ ಬಿಟ್ಟ ಬೇರೊಂದು ಬಣ್ಣದ ಬಲವಾದ ಬೆಳಕಿನಿಂದ ಹೀಗೆ ಶಕ್ತಿ ತುಂಬುತ್ತಾರೆ. ಅದಕ್ಕೆ ರಾಮನ್ ವರ್ಧಕವೆಂದೇ ಹೆಸರು. 1970ರ ನವೆಂಬರಿನಲ್ಲಿ ರಾಮನ್ನರು ತೀರಿಕೊಂಡರು. ದೂರ ಸಾಗುವ ಗಾಜಿನೆಳೆ ಮೊದಲು ಸಿದ್ಧವಾದದ್ದೂ ಅದೇ ವರ್ಷ.

ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯು ಭಾರತೀಯ ಖಭೌತ ಸಂಸ್ಥೆಯೊಡನೆ ಸೇರಿ ಗೌರಿಬಿದನೂರಿನ ಬಳಿ ಕಟ್ಟಿದ ರೇಡಿಯೊ ದೂರದರ್ಶಕ 1976ರಲ್ಲಿ ಕೆಲಸಕ್ಕೆ ಬಂದಿತು. ಪೂರ್ವ ಪಶ್ಚಿಮವಾಗಿ 1.4 ಕಿಲೊಮೀಟರು, ದಕ್ಷಿಣಕ್ಕೆ 450 ಮೀಟರು ಚಾಚಿದ್ದ ಅದರ ತೋಳುಗಳಲ್ಲಿ ಒಂದು ಸಾವಿರ ಆಂಟೆನಗಳಿದ್ದವು. ಸುಮಾರು 8.7 ಮೀಟರು ಉದ್ದದ ಅಲೆಗಳಲ್ಲಿ ಆಕಾಶದ ಬಹುಕ್ಷೀಣ ದನಿಯನ್ನು ಅವು ಕೂಡಿಸಿ ಕೇಳಿದವು. ಅಲ್ಲಿ ಬೇಕಾದದ್ದು ಈವರೆಗೆ ಹೇಳಿದ್ದಕ್ಕೆ ಸರಿಯಾಗಿ ವಿರುದ್ಧ. ಸಾವಿರ ದನಿಗಳೂ ಒಂದನ್ನೊಂದು ಕೆಡಿಸದೆ ಪ್ರಾಮಾಣಿಕವಾಗಿ ಕೂಡಬೇಕು. ಹತ್ತಿರದಲ್ಲಿ ಪ್ರಬಲ ಕೇಂದ್ರವೊಂದು ಕೂಗಿದರೆ ವರ್ಧಕಗಳು ಅರೇಖೀಯವಾಗಿ, ಆಕಾಶದಲ್ಲಿಲ್ಲದ ದನಿಗಳನ್ನು ಹುಟ್ಟಿಸಿಬಿಡುತ್ತವೆ. ಆದುದರಿಂದಲೇ ಬೆಟ್ಟಗಳ ನಡುವಣ ಮೌನದ ತಾವು ಇಂಥ ಕೆಲಸಕ್ಕೆ ಬೆಲೆಯುಳ್ಳದ್ದು.

ಗೃಹಸ್ಥರಾದ ನಮಗೆ ಇದರಿಂದ ಆಗಬೇಕಾದದ್ದೇನು? ಬಹಳವಿದೆ. ಶಿಡ್ಲಘಟ್ಟದ ಗೂಡಿನ ಧಾರಣೆ, ಚಿಂತಾಮಣಿಯ ಮಂಡಿಯ ಟೊಮ್ಯಾಟೊ ಬೆಲೆ, ಪರ ಊರಿನಲ್ಲಿರುವ ಮಗಳ ದನಿ, ಬ್ಯಾಂಕಿನ ಲೆಕ್ಕ, ಎಲ್ಲವೂ ಒಂದಲ್ಲ ಒಂದು ಕಡೆ ಗಾಜಿನೆಳೆಯಲ್ಲಿ ಬೆಳಕಾಗಿ ಓಡುತ್ತವೆ. ಒಂದೇ ಎಳೆಯಲ್ಲಿ ಹತ್ತಾರು ಬಣ್ಣಗಳು ಜೊತೆಯಾಗಿ ಸಾಗುತ್ತವೆ. ಇನ್ನಷ್ಟು ಸಂದೇಶ ಬೇಕಾದರೆ ಬೆಳಕನ್ನು ಇನ್ನಷ್ಟು ಬಲಪಡಿಸಿದರಾಯಿತು ಎಂದು ತೋರುತ್ತದೆ. ಆದರೆ ಬಲ ಮಿತಿ ಮೀರಿದರೆ ಒಂದು ಬಣ್ಣ ಇನ್ನೊಂದರ ದಾರಿಯನ್ನು ಕದಲಿಸುತ್ತದೆ. ಲಕ್ಸೆಂಬರ್ಗಿನ ಹಾಡು ಸ್ವಿಸ್ ಕಾರ್ಯಕ್ರಮದಲ್ಲಿ ಇಣುಕಿದಂತೆ ಒಬ್ಬರ ಮಾತು ಇನ್ನೊಬ್ಬರದರ ಮೇಲೆ ಗದ್ದಲವಾಗಿ ಬೀಳುತ್ತದೆ. ಬಲ ತೀರ ಕಡಮೆಯಾದರೆ ಮಾತು ಮರಮರ ಸದ್ದಿನಲ್ಲಿ ಮುಳುಗುತ್ತದೆ. ತೀರ ಹೆಚ್ಚಾದರೆ ತನ್ನಿಂದ ತಾನೇ ಕೆಡುತ್ತದೆ. ನಡುವೆ ಒಂದು ಹದವುಂಟು. ಈ ಹದವೇ ಇಂದು ಗಾಜಿನೆಳೆಯ ಸಾಮರ್ಥ್ಯಕ್ಕೆ ಗಡಿ. ಒಂದೇ ಎಳೆಯೊಳಗೆ ಹಲವು ತಿರುಳುಗಳನ್ನು ಇಟ್ಟು ಗಡಿಯನ್ನು ಹಿಗ್ಗಿಸುವ ಪ್ರಯತ್ನ ನಡೆದಿದೆ. ಅಲ್ಲಿ ಮತ್ತೆ ಎದುರಾಗುವುದು ನಾವು ಈಗ ನೋಡಿದ ಪ್ರಶ್ನೆಯೇ: ನೆರೆಹೊರೆಯ ಕಾಲುವೆಗಳ ನಡುವೆ ಬೆಳಕು ಎಷ್ಟು ದಾಟುತ್ತದೆ, ಯಾವಾಗ ದಾಟದೆ ನಿಲ್ಲುತ್ತದೆ?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತವಿಜ್ಞಾನದ ಅಧ್ಯಾಪಕರಾಗಿ ಬೆಂಗಳೂರು ಸೈನ್ಸ್ ಫೋರಮ್ ಕಟ್ಟಿದ ಎಚ್. ನರಸಿಂಹಯ್ಯನವರು, ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬಾರದೆಂದು ಜೀವಮಾನವೆಲ್ಲ ಹೇಳಿದರು. ಬೆಳಕು ಬೆಳಕಿಗೆ ಅಡ್ಡ ಬರುವುದಿಲ್ಲವೆಂಬ, ಎಲ್ಲರೂ ದಿನವೂ ಕಾಣುವ ಸತ್ಯಕ್ಕೂ ಒಂದು ಎಲ್ಲೆಯಿದೆ ಎಂದು ಇಂಥ ಪ್ರಶ್ನೆಯಿಂದಲೇ ಗೊತ್ತಾಯಿತು. ಕಿಟಕಿಯ ಸರಳು, ಮೂರು ತುಂಡು ದಾರ, ಎರಡು ಕಲ್ಲು ನಿಮ್ಮ ಮನೆಯಲ್ಲೂ ಇರುತ್ತವೆ. ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ತೂಗಿ ನೋಡಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.